ಸರಂಜಾಮಿನ ಚೀಲ ಮತ್ತು ಘಣಸೋಲಿಯ ನರಿ

ಚೀಲ ಕಟ್ಟುವುದು ನನಗೆ ಬಾರದ ವಿದ್ಯೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನ ಮಾತು ಸುಲಭ. ಡೊಂಬಿವಲಿಯಿಂದ ಉಡುಪಿಗೆ ಮದುವೆಗೆಂದು ಹೊರಟರೆ ಸೀರೆ ಚೀಲದಲ್ಲಿ ಬರುತ್ತದೆ, ರವಿಕೆ ಕಪಾಟಿನಲ್ಲೇ ಉಳಿಯುತ್ತದೆ. ಒಮ್ಮೆ ಮೈದುನನ ಮಗುವಿನ ನಾಮಕರಣಕ್ಕೆ ಹೋದಾಗ ಬೆಳ್ಳಿ ಬಟ್ಟಲಿನ ಖಾಲಿ ಡಬ್ಬಿಗೆ ಚೆಂದದ ಕಾಗದ ಸುತ್ತಿ ಉಡುಗೊರೆ ಕೊಟ್ಟು ಬಂದಿದ್ದೆ. ಬಟ್ಟಲು ನಮ್ಮ ದೇವರ ಗೂಡಿನಲ್ಲಿ ಕುಳಿತಿತ್ತು. ನನ್ನ ಗಂಡ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತರು, ಎರಡು ಸಲ ಓದದೆ ಯಾವ ಕಾಗದಕ್ಕೂ ಸಹಿ ಹಾಕದವರು. ನಾನು ಎಲ್ಲಿಗೇ ಹೊರಡಲಿ, ನನ್ನ ಚೀಲವನ್ನು ದೂರದಿಂದಲೇ ನೋಡಿ, ‘ಎಲ್ಲ ಉಂಟಲ್ಲ?’ ಎಂದು ಕೇಳುತ್ತಾರೆ. ‘ಎಲ್ಲ ಉಂಟು’ ಎನ್ನುತ್ತೇನೆ. ಆ ಉತ್ತರ ಒಮ್ಮೆಯಾದರೂ ನಿಜವಾಗಿದ್ದ ನೆನಪಿಲ್ಲ.

ಇಂಥವಳಿಗೆ ದೊರೆತ ಕೆಲಸವಾದರೂ ಎಂಥದು ನೋಡಿ. ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯಲ್ಲಿ, ಬಣ್ಣದ ಕಾರ್ಖಾನೆಯೊಂದರ ಹಿಂಬದಿಗೆ, ಎಲೆಕ್ಟ್ರಾನಿಕ್ ಉಪಕರಣ ದುರಸ್ತಿ ಮಾಡುವ ಒಂದು ಸಣ್ಣ ಸಂಸ್ಥೆ ಇತ್ತು. ಡಿಪ್ಲೊಮಾ ಮುಗಿಸಿ ನಾನು ಅಲ್ಲಿ ಸೇರಿದ್ದೆ. ಮೊದಮೊದಲು ಕಾರ್ಖಾನೆಗಳ ತೂಕದ ಯಂತ್ರ, ಉಷ್ಣತೆ ಅಳೆಯುವ ಮೀಟರು ಇವೇ ನಮ್ಮ ರೋಗಿಗಳು. ಎರಡು ಸಾವಿರದ ಎಂಟರ ಸುಮಾರಿಗೆ ವನ್ಯಪ್ರಾಣಿಗಳ ಅಧ್ಯಯನ ಮಾಡುವ ಒಂದು ತಂಡದವರು ಬಂದು, ತಾವು ಠಾಣೆ ಖಾಡಿಯ, ಎಂದರೆ ನೆಲದೊಳಗೆ ನುಗ್ಗಿಬಂದ ಕಡಲ ಹಿನ್ನೀರಿನ, ದಡದಲ್ಲಿ ನಿಲ್ಲಿಸಿರುವ ರಿಸೀವರುಗಳನ್ನು ನೋಡಿಕೊಳ್ಳುತ್ತೀರಾ ಎಂದು ಕೇಳಿದರು. ಖಾಡಿಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ನರಿಗಳಿವೆ. ಹೌದು, ಲೋಕಲ್ ಗಾಡಿಯ ಕಿಟಕಿಯಿಂದ ಕಾಣುವ ಅದೇ ಕೆಸರಿನಲ್ಲಿ. ಕೆಲವನ್ನು ಹಿಡಿದು, ಕೊರಳಿಗೆ ಪಟ್ಟಿ ಕಟ್ಟಿ ಬಿಟ್ಟಿದ್ದರು. ಆ ಪಟ್ಟಿಯಿಂದ ಟಿಕ್ ಟಿಕ್ ಎಂದು ರೇಡಿಯೋ ಸಂಜ್ಞೆ ಹೊರಡುತ್ತದೆ. ಕಂಬದ ಮೇಲಿನ ರಿಸೀವರು ಅದನ್ನು ಹಗಲೂ ರಾತ್ರಿಯೂ ಕೇಳಿ, ಯಾವ ಹೊತ್ತಿಗೆ ಯಾವ ನರಿ ಎಷ್ಟು ಹತ್ತಿರ ಇತ್ತೆಂದು ತನ್ನ ನೆನಪಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ತಿಂಗಳಿಗೊಮ್ಮೆ ನಾವು ಹೋಗಿ ಆ ನೆನಪನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಬ್ಯಾಟರಿ ನೋಡಿ, ಉಪ್ಪು ತಿಂದ ಸ್ಕ್ರೂಗಳನ್ನು ಬದಲಿಸಿ ಬರಬೇಕು.

ಇಂಥ ಕೆಲಸದಲ್ಲಿ ಮುಕ್ಕಾಲು ಪಾಲು ಚೀಲದ್ದೇ. ಕಾರ್ಖಾನೆಯಲ್ಲಿ ಒಂದು ಸ್ಪ್ಯಾನರು ಮರೆತರೆ ಪಕ್ಕದ ಶೆಡ್ಡಿನಲ್ಲಿ ಕೇಳಬಹುದು. ಖಾಡಿಯ ನಡುವೆ ಯಾರನ್ನು ಕೇಳುವುದು? ಅಲ್ಲಿಗೆ ಹೋಗಲು ಇಳಿತದ ಹೊತ್ತು ಮಾತ್ರ ದಾರಿ. ನೀರು ಏರಿತೆಂದರೆ ದಾರಿಯೇ ಇರುವುದಿಲ್ಲ. ನಾವು ‘ಸರಂಜಾಮು’ ಎನ್ನುತ್ತೇವಲ್ಲ, ಆ ಪದ ಪಾರಸಿಯಿಂದ ಮರಾಠಿಯನ್ನು ಹಾದು ನಮ್ಮಲ್ಲಿಗೆ ಬಂದದ್ದು. ಮೂಲದಲ್ಲಿ ಅದಕ್ಕೆ ‘ಕೊನೆ ಮುಟ್ಟಿಸುವುದು’ ಎಂಬ ಅರ್ಥವಿದೆಯಂತೆ. ಅದನ್ನು ತಿಳಿದ ದಿನ ನನಗೆ ಸ್ವಲ್ಪ ನಾಚಿಕೆಯೇ ಆಯಿತು. ಕೆಲಸದ ಕೊನೆ ಎಲ್ಲಿದೆಯೆಂದು ಕಂಡವರು ಮಾತ್ರ ಅದಕ್ಕೆ ಬೇಕಾದ್ದನ್ನು ಕಟ್ಟಿಕೊಳ್ಳಬಲ್ಲರು. ನಾನೋ, ಕಣ್ಣಿಗೆ ಬಿದ್ದದ್ದನ್ನೆಲ್ಲ ತುಂಬಿಕೊಳ್ಳುವವಳು.

ನನ್ನ ಜೊತೆ ಬರುತ್ತಿದ್ದವರು ಶರಣಪ್ಪ. ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆಯವರು, ಆಗ ಐವತ್ತು ದಾಟಿದ್ದರು. ಕಾಮೋಠೆಯ ಕಟ್ಟಡಗಳು ಮೇಲೇಳುತ್ತಿದ್ದ ಕಾಲದಲ್ಲಿ ಗಾರೆಯವರು ನಿಲ್ಲುವ ಬಿದಿರಿನ ಅಟ್ಟಣೆ, ಅಂದರೆ ಪರಾಂಚಿ, ಕಟ್ಟುತ್ತಿದ್ದವರು. ಎತ್ತರಕ್ಕೆ ಹತ್ತುವವರು ಬೇಕೆಂದು ನಮ್ಮ ಸಂಸ್ಥೆ ಅವರನ್ನು ಇಟ್ಟುಕೊಂಡಿತ್ತು. ಮೊದಲ ದಿನ ನಾನು ‘ಸ್ಕ್ರೂ ಡ್ರೈವರ್ ಉಂಟಾ?’ ಎಂದು ಕೇಳಿದ್ದಕ್ಕೆ ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಊಟಾನಾ? ಅದು ಆತ್ರಿ’ ಎಂದಿದ್ದರು. ನನ್ನ ಕರಾವಳಿಯ ಕನ್ನಡಕ್ಕೂ ಅವರ ಕನ್ನಡಕ್ಕೂ ನಡುವೆ ಎಷ್ಟೋ ಸಲ ಮರಾಠಿಯೇ ಮಧ್ಯಸ್ಥಿಕೆ ವಹಿಸಬೇಕಾಗುತ್ತಿತ್ತು.

ಶರಣಪ್ಪನವರು ಚೀಲ ಕಟ್ಟುವುದನ್ನು ನೀವು ನೋಡಬೇಕಿತ್ತು. ಅವರಿಗೆ ಓದು ಬರಹ ಹೆಚ್ಚು ಇರಲಿಲ್ಲ, ಹಾಗಾಗಿ ಪಟ್ಟಿ ಬರೆಯುತ್ತಿರಲಿಲ್ಲ. ವರ್ಕ್‌ಶಾಪಿನ ನೆಲದ ಮೇಲೆ ಕುಳಿತು, ಎದುರಿಗೆ ರಿಸೀವರು ಇದೆಯೆಂದೇ ಭಾವಿಸಿ, ಗಾಳಿಯಲ್ಲಿ ಕೈಯಾಡಿಸುತ್ತ ಇಡೀ ಕೆಲಸವನ್ನು ಒಮ್ಮೆ ಮಾಡಿ ಮುಗಿಸುವರು. ‘ಮೊದಲ ಬಾಗಿಲ ತೆಗೀತೀನಿ, ಕೀಲಿ. ಕೀಲಿ ಜಂಗ ಹಿಡಿದಿರ್ತದ, ಎಣ್ಣಿ. ಎಣ್ಣಿ ಕೈಗೆ ಹತ್ತತದ, ಅರಿವಿ.’ ಹೀಗೆ ಒಂದೊಂದೇ ಚೀಲಕ್ಕೆ ಬೀಳುತ್ತಿತ್ತು. ನಾನು ಪಟ್ಟಿ ಬರೆದು, ಟಿಕ್ ಹಾಕಿ, ಆ ಪಟ್ಟಿಯನ್ನೇ ಮೇಜಿನ ಮೇಲೆ ಬಿಟ್ಟು ಬರುತ್ತಿದ್ದೆ. ಇಬ್ಬರೂ ಸೇರಿ ಕಟ್ಟಿದ ದಿನ ಏನೂ ಕಡಿಮೆಯಾಗುತ್ತಿರಲಿಲ್ಲ.

ನಾನು ಹೇಳಹೊರಟಿರುವ ಶುಕ್ರವಾರದಂದು ಚೀಲ ಕಟ್ಟಿದವಳು ನಾನೊಬ್ಬಳೇ.

ಖಾಡಿಯ ದಡದ ಘಣಸೋಲಿಯಲ್ಲಿ, ಹಳೆಯ ಊರಿನ ಹತ್ತಿರ ಒಂದು ಹೆಣ್ಣು ನರಿಗೆ ಪಟ್ಟಿ ಕಟ್ಟಲಾಗಿತ್ತು. ಊರವರು ಅದನ್ನು ‘ಪಟ್ಟೇವಾಲಿ’ ಎಂದು ಕರೆಯುತ್ತಿದ್ದರು. ಮರಾಠಿಯಲ್ಲಿ ಪಟ್ಟೇವಾಲಾ ಎಂದರೆ ಕಚೇರಿಯ ಜವಾನ. ಹಾಗಾಗಿ ಆ ಹೆಸರಿನಲ್ಲಿ ಸ್ವಲ್ಪ ತಮಾಷೆಯೂ ಇತ್ತು, ಸ್ವಲ್ಪ ಸಲಿಗೆಯೂ ಇತ್ತು. ಆ ವಾರ ತಮಾಷೆ ನಿಂತುಹೋಯಿತು. ಗುರುವಾರ ನಸುಕಿನಲ್ಲಿ, ಏಡಿ ಹಿಡಿಯಲು ಕೆಸರಿಗೆ ಇಳಿದಿದ್ದ ಜನಾಬಾಯಿ ಎಂಬ ಮೀನುಗಾರ ಹೆಂಗಸಿನ ಎಡಗೈಯನ್ನು ಯಾವುದೋ ಪ್ರಾಣಿ ಕಚ್ಚಿತ್ತು. ಮಬ್ಬುಗತ್ತಲು, ಅವಳು ಸರಿಯಾಗಿ ನೋಡಿರಲಿಲ್ಲ. ಆದರೆ ಊರಿಗೆ ಅನುಮಾನವಿರಲಿಲ್ಲ. ಯಂತ್ರ ಕಟ್ಟಿ ನರಿಗೆ ಹುಚ್ಚು ಹಿಡಿಸಿದ್ದಾರೆ, ಇಂದು ಜನಾಬಾಯಿ, ನಾಳೆ ಯಾರದೋ ಮಗು ಎಂದು ಮಾತು ಬೆಳೆಯಿತು. ಭಾನುವಾರ ಮಾಂಸದಲ್ಲಿ ವಿಷ ಬೆರೆಸಿ ಖಾಡಿಯ ಉದ್ದಕ್ಕೂ ಇಡುವುದೆಂದು ಕೆಲವರು ನಿಶ್ಚಯಿಸಿದರು. ಹಾಗೆ ಇಟ್ಟರೆ ಸಾಯುವುದು ಒಂದು ನರಿಯಲ್ಲ. ಇದ್ದಬದ್ದ ನರಿಗಳು, ಬೀದಿನಾಯಿಗಳು, ಹದ್ದು ಕಾಗೆಗಳು ಎಲ್ಲ. ಅಧ್ಯಯನದ ಮುಖ್ಯಸ್ಥರಾದ ಜೋಗಳೇಕರ್ ಸರ್ ಊರ ಹಿರಿಯರ ಮುಂದೆ ಕೈಮುಗಿದು, ಶನಿವಾರ ಸಂಜೆಯವರೆಗೆ ಸಮಯ ಕೊಡಿ, ಗುರುವಾರ ನಸುಕಿನಲ್ಲಿ ಪಟ್ಟೇವಾಲಿ ಎಲ್ಲಿತ್ತೆಂದು ತೋರಿಸುತ್ತೇನೆ ಎಂದು ಕೇಳಿಕೊಂಡಿದ್ದರು. ಆ ಗುಟ್ಟು ಇದ್ದದ್ದು ಕಾಂಡ್ಲಾ ಗಿಡಗಳ ನಡುವಿನ ನಮ್ಮ ರಿಸೀವರಿನ ಹೊಟ್ಟೆಯಲ್ಲಿ.

ಗುರುವಾರ ಸಂಜೆ ಆಫೀಸಿಗೆ ಜೋಗಳೇಕರ್ ಸರ್ ಫೋನು ಬಂತು. ಶರಣಪ್ಪನವರು ತಿಂಗಳ ಸರದಿಗೆಂದು ಹೊಸ ಬ್ಯಾಟರಿಯನ್ನು ಆಗಲೇ ಕಾಮೋಠೆಯ ತಮ್ಮ ಮನೆಗೆ ಒಯ್ದಿದ್ದರು. ಮರುದಿನ ನೇರವಾಗಿ ಘಣಸೋಲಿಗೆ ಬರುವುದೆಂದಾಯಿತು. ನಾನು ಆಫೀಸಿನಲ್ಲೇ ಪಟ್ಟಿ ಬರೆದು, ಮನೆಗೆ ಬಂದು ಚೀಲ ಕಟ್ಟಿದೆ. ನಮ್ಮ ಹಳೆಯ ಲ್ಯಾಪ್‌ಟಾಪು ಕಡೆಯುವ ಕಲ್ಲಿನಷ್ಟು ಭಾರ. ಅದಕ್ಕೆ ಬದಲಾಗಿ ಸಂಸ್ಥೆಯವರು ಹೊಸದಾಗಿ ತರಿಸಿದ್ದ ತೆಳ್ಳಗಿನದನ್ನು ತೆಗೆದುಕೊಂಡೆ. ರಿಸೀವರಿನ ನೆನಪನ್ನು ಓದುವ ತಂತ್ರಾಂಶವನ್ನು ಅದಕ್ಕೆ ಹಾಕಿದ್ದೆ. ತೆರೆದು ನೋಡಿದ್ದೆ, ತೆರೆದುಕೊಂಡಿತ್ತು. ಅಷ್ಟಕ್ಕೇ ತೃಪ್ತಳಾಗಿದ್ದೆ.

ಬೆಳಿಗ್ಗೆ ಎಂಟೂವರೆಗೆ ನಾವಿಬ್ಬರೂ ಹಳೆಯ ಗದ್ದೆಯ ಬದುವಿನ ಮೇಲೆ ಕೆಸರು ತುಳಿದು ರಿಸೀವರಿನ ಮಚಾನನ್ನು ಹತ್ತಿದೆವು. ಮಚಾನು ಎಂದರೆ ನಾಲ್ಕು ಕಬ್ಬಿಣದ ಕಾಲಿನ ಮೇಲೆ ಹಲಗೆ ಹೊದಿಸಿದ ಅಟ್ಟ; ಅದರ ಮೇಲೊಂದು ಕಂಬ, ಕಂಬದ ತುದಿಯಲ್ಲಿ ಮೀನಿನ ಮುಳ್ಳಿನಂಥ ಆಂಟೆನಾ, ಬುಡದಲ್ಲಿ ರಿಸೀವರಿನ ಪೆಟ್ಟಿಗೆ. ಬಾಗಿಲು ತೆರೆದು ಒಳಗೆ ನೋಡಿದೆ. ಸೋಲಾರ್ ಫಲಕದ ವಯರು ಉಪ್ಪಿಗೆ ತಿಂದುಹೋಗಿತ್ತು. ಹಳೆಯ ಬ್ಯಾಟರಿ ಉಬ್ಬಿಕೊಂಡು, ಉಳಿದ ಜೀವವನ್ನು ಹನಿಹನಿಯಾಗಿ ಬಿಡುತ್ತಿತ್ತು. ಪುಟ್ಟ ಗಾಜಿನ ಕಿಟಕಿಯಲ್ಲಿ ವೋಲ್ಟೇಜಿನ ಅಂಕಿ ನಾನು ನೋಡುತ್ತಿರುವಂತೆಯೇ ಒಂದು ಮೆಟ್ಟಿಲು ಇಳಿಯಿತು. ಇನ್ನೊಂದೆರಡು ಇಳಿದರೆ ಯಂತ್ರ ಕಣ್ಣು ಮುಚ್ಚುತ್ತದೆ. ಅದು ಹಳೆಯ ಮಾದರಿ, ಕರೆಂಟು ಹೋದರೆ ನೆನಪೂ ಹೋಗುವ ಜಾತಿ. ನೆನಪನ್ನು ಕಾಯಲೆಂದು ಒಳಗೊಂದು ಗುಂಡಿ ಬ್ಯಾಟರಿ ಇರುತ್ತದೆ. ಅದು ಸತ್ತು ಎಷ್ಟೋ ಕಾಲವಾಗಿತ್ತು. ಮುಂದಿನ ಸಲ ಬದಲಿಸಬೇಕು ಎಂದು ಎರಡು ಸಲ ವರದಿಯಲ್ಲಿ ಬರೆದವಳೂ ನಾನೇ.

ಇರಲಿ, ಬೇಗ ಇಳಿಸಿಕೊಂಡರಾಯಿತು ಎಂದು ಲ್ಯಾಪ್‌ಟಾಪು ತೆರೆದೆ. ಹಳೆಯದಕ್ಕೆ ಇದ್ದ ಒಂಬತ್ತು ಪಿನ್ನಿನ ಬಾಯಿ ಹೊಸದಕ್ಕೆ ಇರಲಿಲ್ಲ. ಅದು ಗೊತ್ತಿತ್ತು, ನಡುವೆ ಸಿಕ್ಕಿಸುವ ತುಂಡು ವಯರನ್ನು ತಂದಿದ್ದೆ. ಸಿಕ್ಕಿಸಿದೆ. ತಂತ್ರಾಂಶ ತೆರೆದುಕೊಂಡು, ಯಾವ ಯಂತ್ರವೂ ಕಾಣುತ್ತಿಲ್ಲ ಎಂದಿತು. ಆ ತುಂಡು ವಯರಿಗೂ ತನ್ನದೇ ಆದ ಬೇರೊಂದು ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಮೊದಲು ಹಾಕಿರಬೇಕು. ಅದರ ಸಿ.ಡಿ. ಎಂಐಡಿಸಿಯ ಆಫೀಸಿನ ಮೇಜಿನ ಡ್ರಾಯರಿನಲ್ಲಿತ್ತು.

ಹಾಗಾದರೆ ಹೊಸ ಬ್ಯಾಟರಿ ಜೋಡಿಸಿ ಯಂತ್ರವನ್ನು ಬದುಕಿಸಿಕೊಳ್ಳೋಣ ಎಂದು ಚೀಲಕ್ಕೆ ಕೈ ಹಾಕಿದೆ. ಹಳೆಯದನ್ನು ಬಿಚ್ಚುವ ಮೊದಲೇ ಹೊಸದರಿಂದ ಕರೆಂಟು ಹಾಯಿಸಲು, ಎರಡೂ ತುದಿಗೆ ಮೊಸಳೆ ಬಾಯಿಯಂಥ ಕ್ಲಿಪ್ಪಿರುವ ಒಂದು ಜೋಡಿ ವಯರು ಬೇಕು. ಚೀಲದಲ್ಲಿ ಮೂರು ಸ್ಕ್ರೂ ಡ್ರೈವರು, ಎರಡು ಮಲ್ಟಿಮೀಟರು, ಒಂದು ಸುರುಳಿ ಟೇಪು, ನಾಲ್ಕು ಬಾಳೆಹಣ್ಣು ಇದ್ದವು.

‘ಏನ್ ಹುಡುಕ್ಲತೀರಿ ಬಾಯಾರ?’ ಎಂದರು ಶರಣಪ್ಪ.

‘ಕ್ಲಿಪ್ಪಿನ ವಯರು. ಮತ್ತೆ ಒಂದು ಸಿ.ಡಿ.’

‘ಇಲ್ಲೇನ್ರಿ?’

‘ಇಲ್ಲ. ಎರಡೂ ಇಲ್ಲ.’

ಅವರು ಸತ್ತ ಸೋಲಾರ್ ವಯರಿನಿಂದ ಎರಡು ಮೊಳ ಕತ್ತರಿಸಿ, ಹಲ್ಲಿನಿಂದ ತುದಿ ಸುಲಿದು, ಹೊಸ ಬ್ಯಾಟರಿಯ ಬೋಲ್ಟುಗಳಿಗೆ ಒಂದು ತುದಿಯನ್ನು ಬಿಗಿದರು. ಇನ್ನೊಂದು ತುದಿಯನ್ನು ರಿಸೀವರಿಗೆ ಕರೆಂಟು ಸೇರುವ ಕಡ್ಡಿಗಳಿಗೆ ಬಿಗಿಯಬೇಕು. ಅಲ್ಲಿನ ಬೋಲ್ಟುಗಳು ತುಕ್ಕಿಗೆ ಕರಗಿ ಒಂದಾಗಿದ್ದವು, ತಿರುಗಿಸಿದರೆ ಕಡ್ಡಿಯೇ ಮುರಿಯುವಂತಿತ್ತು. ಟೇಪು ಸುತ್ತಿದೆ. ಉಪ್ಪಿನ ಪಸೆಗೆ ಅಂಟಲಿಲ್ಲ. ದಾರ ಕಟ್ಟಿದೆವು. ಗಾಳಿಗೆ ಕಂಬ ಅಲುಗಿದಾಗ ವಯರು ಜಾರಿ, ಅಂಕಿ ಮತ್ತೆ ಇಳಿಯಿತು. ಕೊನೆಗೆ ಅವರು ಎರಡು ಕೈಯಲ್ಲಿ ಎರಡು ವಯರನ್ನು ಹಿಡಿದು ಕಡ್ಡಿಗಳಿಗೆ ಒತ್ತಿದರು. ಅಂಕಿ ನಿಂತಿತು.

‘ಹೋಗಿ ಬರ್ರಿ’ ಎಂದರು.

‘ಡೊಂಬಿವಲಿಗೆ ಹೋಗಿ ಬರ್ಬೇಕು ಶರಣಪ್ಪನವರೇ. ನಾಲ್ಕು ಗಂಟೆ ಆಗ್ತದೆ. ನೀರು ಏರ್ತದೆ.’

‘ನೀರು ಹಲಗಿಗೆ ಬರಂಗಿಲ್ರಿ. ಇದು ಹನ್ನೆರಡು ವೋಲ್ಟ, ನನಗೇನೂ ಮಾಡಂಗಿಲ್ಲ. ಹೋಗಿ ಬರ್ರಿ.’

‘ಬಿಡ್ಬೇಡಿ ಮಾತ್ರ’ ಎಂದುಬಿಟ್ಟೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಇಂದಿಗೂ ತಿಳಿಯದು. ತಪ್ಪು ನನ್ನದು, ಅಪ್ಪಣೆಯೂ ನನ್ನದು.

ಊರಿನ ಹೊರಗಿನ ಸೆಕ್ಟರಿನ ಸೈಬರ್ ಕೆಫೆಯಲ್ಲಿ ಆ ತಂತ್ರಾಂಶವನ್ನು ಇಳಿಸಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋದೆ. ಕರೆಂಟು ಇಲ್ಲದೆ ಅಂಗಡಿಯವ ಹೊಸ್ತಿಲ ಮೇಲೆ ಕುಳಿತಿದ್ದ. ಎಷ್ಟು ಹೊತ್ತಿಗೆ ಬಂದೀತೆಂದು ಅವನಿಗೂ ಗೊತ್ತಿರಲಿಲ್ಲ. ಘಣಸೋಲಿಯಿಂದ ಠಾಣೆಗೆ, ಠಾಣೆಯಿಂದ ಡೊಂಬಿವಲಿಗೆ ಗಾಡಿ. ಆ ದಾರಿಯನ್ನು ನಾನು ಸಾವಿರ ಸಲ ಓಡಾಡಿದ್ದೇನೆ. ಮುಂಬ್ರಾದ ಖಾಡಿ ಬಂದಾಗ ಯಾವಾಗಲೂ ನೀರಿನ ಕಡೆಗೆ ನೋಡುವವಳು ಅಂದು ನೋಡಲಿಲ್ಲ. ನೀರು ಎಷ್ಟು ಏರಿದೆಯೆಂದು ತಿಳಿಯುವುದು ಬೇಕಿರಲಿಲ್ಲ. ಶರಣಪ್ಪನವರ ಮೊಬೈಲಿಗೆ ಫೋನು ಮಾಡಿದೆ. ಪೂರ್ತಿ ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದೆ. ಮೂರನೆಯ ಸಲವೂ ಎತ್ತದಿದ್ದಾಗ ಅವರು ಜಾರಿ ಕೆಸರಿಗೆ ಬಿದ್ದಂತೆಯೇ ಕಣ್ಣಿಗೆ ಕಟ್ಟಿತು. ಎರಡೂ ಕೈಯಲ್ಲಿ ವಯರು ಹಿಡಿದವರು ಫೋನು ಎತ್ತುವುದು ಹೇಗೆ ಎಂಬುದು ನನಗೆ ಹೊಳೆದದ್ದು ಗಾಡಿ ದಿವಾ ದಾಟಿದ ಮೇಲೆ. ಹೊಳೆದ ಮೇಲೆ ಸಮಾಧಾನವಾಗುವ ಬದಲು ಇನ್ನಷ್ಟು ಸಂಕಟವಾಯಿತು.

ಎಂಐಡಿಸಿಗೆ ಶುಕ್ರವಾರ ವಾರದ ರಜೆ. ಕಾವಲುಗಾರನನ್ನು ಹುಡುಕಿ ಆಫೀಸಿನ ಬಾಗಿಲು ತೆಗೆಸಿದೆ. ಮೇಜಿನ ಮೇಲೆ ನನ್ನದೇ ಅಕ್ಷರದಲ್ಲಿ ಪಟ್ಟಿ ಬಿದ್ದಿತ್ತು: ಸಿ.ಡಿ., ಕ್ಲಿಪ್ಪಿನ ವಯರು, ಗುಂಡಿ ಬ್ಯಾಟರಿ. ಟಿಕ್ ಕೂಡ ಹಾಕಿದ್ದೆ. ಮೂರನ್ನೂ ತೆಗೆದುಕೊಂಡೆ. ಯಾವುದನ್ನೂ ನಂಬುವ ಧೈರ್ಯ ಉಳಿದಿರಲಿಲ್ಲವಾದ್ದರಿಂದ ಹಳೆಯ ಲ್ಯಾಪ್‌ಟಾಪನ್ನೂ ಹೆಗಲಿಗೆ ಹಾಕಿಕೊಂಡೆ.

ಮರಳಿ ಖಾಡಿಯ ದಡಕ್ಕೆ ಬಂದಾಗ ಒಂದೂವರೆ. ಬದು ಮುಳುಗಿತ್ತು. ಬೆಳಿಗ್ಗೆ ನಾವು ನಡೆದುಹೋದ ಜಾಗದಲ್ಲಿ ಕಾಂಡ್ಲಾ ಗಿಡಗಳ ತಲೆ ಮಾತ್ರ ನೀರಿನ ಮೇಲಿತ್ತು. ದೂರದಲ್ಲಿ ಮಚಾನು; ಅದರ ಮೇಲೆ ಬಾಗಿ ಕುಳಿತ ಒಂದು ಆಕೃತಿ. ಅಲ್ಲಾಡುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕೂಗಿದೆ. ಗಾಳಿ ಎದುರಿನಿಂದ ಬೀಸುತ್ತಿತ್ತು.

ಪಕ್ಕದಲ್ಲಿ ಒಂದು ಸಣ್ಣ ದೋಣಿ, ಇಲ್ಲಿನವರ ಹೋಡಿ, ಕಟ್ಟಿತ್ತು. ಅದರ ಹತ್ತಿರ ಕಾಸೆ ಸೀರೆಯ ಹೆಂಗಸೊಬ್ಬಳು ನಿಂತಿದ್ದಳು. ಎಡಗೈಗೆ ಬೆರಳಿನಿಂದ ಮೊಣಕೈವರೆಗೆ ಬ್ಯಾಂಡೇಜು. ಹೆಸರು ಕೇಳುವ ಅಗತ್ಯವಿರಲಿಲ್ಲ. ಜನಾಬಾಯಿಯ ಮರಾಠಿಯನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ.

‘ಬೆಳಿಗ್ಗೆಯಿಂದ ಅಲ್ಲಿ ಕೂತವನು ಯಾರು?’

‘ನಮ್ಮವರು.’

‘ಕೈ ಒಡ್ಡಿಕೊಂಡು ಕೂತಿದ್ದಾನೆ. ಏನು, ಪೂಜೆಯೋ?’

‘ನಿಮ್ಮನ್ನು ಕಚ್ಚಿದ್ದು ಪಟ್ಟೇವಾಲಿ ಹೌದೋ ಅಲ್ಲವೋ ಎಂದು ಆ ಪೆಟ್ಟಿಗೆ ಹೇಳುತ್ತದೆ. ಅವರು ಕೈ ಬಿಟ್ಟರೆ ಹೇಳುವುದಿಲ್ಲ.’

ಅವಳು ಹೋಡಿಯ ಹಗ್ಗಕ್ಕೆ ಕೈ ಹಾಕಿ ನಿಂತಳು. ‘ಹೌದು ಎಂದು ಹೇಳಿದರೆ ನೀನೇನು ಮಾಡುತ್ತೀ?’

‘ಹೌದು ಎಂದೇ ಬರೆದುಕೊಡುತ್ತೇನೆ.’

ಜನಾಬಾಯಿ ಹಗ್ಗ ಬಿಚ್ಚಿದಳು. ಒಂದು ಕೈಯಲ್ಲಿ ಬಿದಿರ ಗಳ ಊರುತ್ತ, ನನಗೆ ಇನ್ನೊಂದು ಗಳ ಕೊಟ್ಟು ಎಲ್ಲಿ ಊರಬೇಕೆಂದು ಗದ್ದದಿಂದ ತೋರಿಸುತ್ತ, ಹೋಡಿಯನ್ನು ಮಚಾನಿನ ಬುಡಕ್ಕೆ ತಂದಳು. ನೀರು ಹಲಗೆಗಿಂತ ಒಂದು ಗೇಣು ಕೆಳಗಿತ್ತು.

ಶರಣಪ್ಪನವರು ನಾನು ಬಿಟ್ಟುಹೋದಾಗಿನ ಭಂಗಿಯಲ್ಲೇ ಇದ್ದರು. ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು. ರೊಟ್ಟಿಯ ಗಂಟು ಹೆಗಲಿನಲ್ಲಿ ಹಾಗೆಯೇ ತೂಗುತ್ತಿತ್ತು. ಗಾಜಿನ ಕಿಟಕಿಯಲ್ಲಿ ಅಂಕಿ ಬೆಳಗಿನದೇ.

‘ಬಂದ್ರೇನ್ರಿ’ ಎಂದರು, ಅಷ್ಟೆ.

ಕ್ಲಿಪ್ಪು ಹಾಕಬಹುದಿತ್ತು. ಆದರೆ ಅವರು ಕೈ ಸರಿಸುವ ಕ್ಷಣದಲ್ಲಿ ಏನಾದೀತೋ ಎಂಬ ಹೆದರಿಕೆ. ಮೊದಲು ನೆನಪು ಇಳಿಯಲಿ ಎಂದರು ಅವರೇ. ಹೊಸ ಲ್ಯಾಪ್‌ಟಾಪಿಗೆ ಸಿ.ಡಿ. ಹಾಕುವ ಗೋಜಿಗೂ ಹೋಗದೆ ಹಳೆಯದನ್ನು ತೆರೆದೆ. ಒಂಬತ್ತು ಪಿನ್ನಿನ ಬಾಯಿಗೆ ಒಂಬತ್ತು ಪಿನ್ನಿನ ವಯರು ಹಿಡಿದು ಕೂತಿತು. ಪರದೆಯ ಮೇಲೆ ನೀಲಿ ಪಟ್ಟಿ ಇರುವೆಯಂತೆ ಹರಿಯತೊಡಗಿತು. ಅದು ತುದಿ ಮುಟ್ಟಲು ಅರ್ಧ ಗಂಟೆಯ ಮೇಲಾಯಿತು.

‘ಆಯ್ತು ಶರಣಪ್ಪನವರೇ. ಬಿಡಿ.’

‘ಬಿಡ್ಲಿಕ್ಕ ಬರವಲ್ದರಿ. ಬೆರಳು ಹಿಡ್ಕೊಂಡಾವ.’

ಹೋಡಿಯಲ್ಲಿದ್ದ ಜನಾಬಾಯಿಗೆ ಕನ್ನಡ ತಿಳಿಯದು. ಆದರೂ ಅವಳು ಮೇಲೆ ಹತ್ತಿ ಬಂದು, ಅವರೆದುರು ಕುಳಿತು, ಗಂಟಾದ ಬಲೆಯನ್ನು ಬಿಡಿಸುವ ಹಾಗೆ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಂಗೈಯಲ್ಲಿ ತಾಮ್ರದ ಎಳೆಗಳು ಕೆಂಪಗೆ ಗೆರೆ ಕೊರೆದಿದ್ದವು. ಆಮೇಲೆ ಅವರ ಹೆಗಲಿನ ಗಂಟು ಬಿಚ್ಚಿ, ರೊಟ್ಟಿ ಮುರಿದು ಮುಂದಿಟ್ಟಳು. ನಾನು ಬಾಳೆಹಣ್ಣು ಕೊಟ್ಟೆ. ಆ ಚೀಲದಲ್ಲಿ ಅಂದು ಉಪಯೋಗಕ್ಕೆ ಬಂದದ್ದು ಅದೊಂದೇ.

ನಂತರ ನಾನು ಅಂಕಿಗಳನ್ನು ಓದಿದೆ. ಗುರುವಾರ ನಸುಕಿಗೆ ಹೋಗುವ ಮೊದಲೇ ಕಣ್ಣು ಒಂದು ಕಡೆ ನಿಂತಿತು. ನರಿಯ ಕೊರಳ ಪಟ್ಟಿಯಲ್ಲಿ ಒಂದು ಸಣ್ಣ ಸ್ವಿಚ್ಚು ಇರುತ್ತದೆ. ಪ್ರಾಣಿ ಬಹಳ ಹೊತ್ತು ಸ್ವಲ್ಪವೂ ಅಲುಗದಿದ್ದರೆ ಟಿಕ್ ಟಿಕ್ ಎಂಬ ಸಂಜ್ಞೆ ದುಪ್ಪಟ್ಟು ವೇಗವಾಗುತ್ತದೆ. ಮಲಗಿದ ಪ್ರಾಣಿಯೂ ಉಸಿರಾಡುತ್ತದೆ, ಕಿವಿ ಕೊಡಹುತ್ತದೆ. ಸತ್ತದ್ದು ಮಾತ್ರ ಅಷ್ಟು ನಿಶ್ಚಲ. ಮಂಗಳವಾರ ಬೆಳಗಿನ ಹೊತ್ತಿಗೆ ಸಂಜ್ಞೆ ದುಪ್ಪಟ್ಟಾಗಿತ್ತು. ಅಲ್ಲಿಂದ ಈಚೆಗೆ, ಈ ಕ್ಷಣದವರೆಗೂ, ಒಂದೇ ಸಮನೆ ಅದೇ ವೇಗ.

‘ಅದು ಮಂಗಳವಾರವೇ ಸತ್ತಿದೆ’ ಎಂದೆ ಜನಾಬಾಯಿಗೆ. ‘ನಿಮ್ಮನ್ನು ಕಚ್ಚುವುದಕ್ಕಿಂತ ಎರಡು ದಿನ ಮೊದಲು.’

ಅವಳು ಬ್ಯಾಂಡೇಜಿನ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ‘ಹಾಗಾದರೆ ನಾನು ಎರಡು ದಿನದಿಂದ ಸತ್ತದ್ದನ್ನು ಬೈಯುತ್ತಿದ್ದೆ’ ಎಂದಳು.

ಸಂಜೆ ಘಣಸೋಲಿ ಸ್ಟೇಶನ್ನಿನಲ್ಲಿ ಬೇರೆ ಬೇರೆ ದಿಕ್ಕಿಗೆ ಹೋಗುವ ಮೊದಲು ನಾನು ಶರಣಪ್ಪನವರ ಕ್ಷಮೆ ಕೇಳಿದೆ. ನಡುವೆ ಒಂದು ಗಳಿಗೆ ಕೈ ತೆಗೆದು ರೊಟ್ಟಿ ತಿನ್ನಬಹುದಿತ್ತಲ್ಲ, ಅಂಕಿ ಅಷ್ಟರಲ್ಲೇ ಬೀಳುತ್ತಿರಲಿಲ್ಲವೇನೋ ಎಂದೆ. ಅವರು ಅಂಗೈಯನ್ನು ತಿರುಗಿಸಿ ನೋಡಿಕೊಂಡರು.

‘ನಾ ಬಿಟ್ಟಿದ್ರ ನಿಮಗೇನ್ ಗೊತ್ತಾಗ್ತಿರಲಿಲ್ರಿ ಬಾಯಾರ. ನಾ ಏನರ ಒಂದು ಹೇಳ್ತಿದ್ದೆ, ನೀವು ನಂಬ್ತಿದ್ರಿ. ಆದ್ರ ಅದರಾಗ ಒಂದು ಜೀವದ ಮಾತ ಅದ ಅಂತ ಮುಂಜಾನೆ ಬರೋವಾಗ ನೀವಽ ಹೇಳಿದ್ರಿ. ಮತ್ತ ಹೆಂಗ ಬಿಡಬೇಕು?’

ಪನ್ವೇಲ್ ಗಾಡಿ ಬಂತು, ಅವರು ಹತ್ತಿಕೊಂಡರು. ಕಂಬಿ ಹಿಡಿಯಲು ಬೆರಳು ಮಡಿಚದೆ, ಮೊಣಕೈಯನ್ನು ಕಂಬಕ್ಕೆ ಸುತ್ತಿ ನಿಂತದ್ದು ಕಾಣಿಸಿತು.

ಮರುದಿನ ಬೆಳಿಗ್ಗೆ ಇಳಿತದಲ್ಲಿ ಜೋಗಳೇಕರ್ ಸರ್ ಕೈಯಲ್ಲಿ ಹಿಡಿಯುವ ಆಂಟೆನಾ ತಂದರು. ಪಟ್ಟಿ ಕಳಚಿ ಬಿದ್ದಿರಲೂಬಹುದು, ನೋಡದೆ ಊರಿಗೆ ಏನೂ ಹೇಳುವುದು ಬೇಡ ಎಂದು ಅವರ ಮಾತು. ನಾವು ಮೂವರು, ಜೊತೆಗೆ ಯಾರೂ ಕರೆಯದೆಯೇ ಬಂದ ಜನಾಬಾಯಿ. ಸಂಜ್ಞೆಯ ಜಾಡು ಹಿಡಿದು ಹೋದರೆ, ಕಾಂಡ್ಲಾ ಗಿಡದ ಬೇರುಗಳ ನಡುವೆ ಪಟ್ಟೇವಾಲಿ ಮಲಗಿತ್ತು. ಕೊರಳಿಗೂ ಮುಂಗಾಲಿಗೂ ನೀಲಿ ನೈಲಾನಿನ ಹರಕು ಬಲೆ ಸುತ್ತಿಕೊಂಡಿತ್ತು. ಯಾರೋ ಹರಿದುಹೋಯಿತೆಂದು ಎಸೆದದ್ದು, ಒದ್ದಾಡಿದಷ್ಟೂ ಬಿಗಿದಿತ್ತು.

ಮಕ್ಕಳ ಕತೆಗಳಲ್ಲಿ ನರಿ ಯಾವಾಗಲೂ ಠಕ್ಕ. ಮಾತಿಗೆ ಮರುಳಾಗದ, ಬೋನಿಗೆ ಬೀಳದ ಜಾಣ. ಒಂದು ವರ್ಷ ಅದರ ದಿನಚರಿಯನ್ನು ಅಂಕಿಗಳಲ್ಲಿ ಓದಿದ್ದ ನನಗೆ ಕಂಡ ನರಿ ಬೇರೆಯದೇ. ನಸುಕಿನಲ್ಲಿ ಏಡಿಗೆ ಹೊರಟು, ಭರತದ ಮೊದಲೇ ಒಣನೆಲಕ್ಕೆ ಮರಳುವ, ಗಡಿಯಾರದಂಥ ಗೃಹಿಣಿ. ಬಲೆಯಲ್ಲಿ ಬಿದ್ದ ಆ ಸಣ್ಣ ಮೈಯನ್ನು ನೋಡುವಾಗ, ಯಂತ್ರ ಕಟ್ಟಿದವರಲ್ಲಿ ನಾನೂ ಒಬ್ಬಳು, ಪಟ್ಟಿ ಇಲ್ಲದಿದ್ದರೆ ಬಲೆ ಇಷ್ಟು ಸಿಕ್ಕಿಕೊಳ್ಳುತ್ತಿತ್ತೋ ಇಲ್ಲವೋ ಎಂಬ ಯೋಚನೆ ಬಂತು. ಜೋಗಳೇಕರ್ ಸರ್‌ಗೂ ಬಂದಿರಬೇಕು. ಅವರು ಪಟ್ಟಿಯನ್ನು ಬಿಚ್ಚಿ, ಬಹಳ ಹೊತ್ತು ಒರೆಸುತ್ತಲೇ ಇದ್ದರು.

ಜನಾಬಾಯಿ ಬಲೆಯ ತುಂಡನ್ನು ಎತ್ತಿ, ಒಂದು ಗಂಟನ್ನು ಬೆರಳಿನಲ್ಲಿ ತಿರುಗಿಸಿ ನೋಡಿದಳು. ಗಂಟು ಹಾಕುವ ಕೈ ಒಬ್ಬೊಬ್ಬರದು ಒಂದೊಂದು ಥರ ಎನ್ನುತ್ತಾರೆ. ಅದು ಯಾರ ಕೈಯದೆಂದು ಅವಳು ಹೇಳಲಿಲ್ಲ. ಬಲೆಯನ್ನು ಸುರುಳಿ ಸುತ್ತಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ನರಿಯ ಹೊಟ್ಟೆಯ ಕಡೆ ಬಾಗಿ ನೋಡಿ, ‘ಹಾಲಿತ್ತು’ ಎಂದಳು. ‘ಮರಿಗಳು ಎಲ್ಲಿವೆಯೋ.’

ಹತ್ತಿರದ ದಿಬ್ಬದ ಮೇಲೆ ಶರಣಪ್ಪನವರು ಗುಂಡಿ ತೋಡಿದರು. ಬೆರಳು ಇನ್ನೂ ಸರಿಯಾಗಿ ಮಡಿಚುತ್ತಿರಲಿಲ್ಲ. ಗುದ್ದಲಿಯ ಕಾವಿಗೆ ಬಟ್ಟೆ ಸುತ್ತಿಕೊಂಡಿದ್ದರು.

ಅಂದು ಸಂಜೆ ಊರ ದೇವಸ್ಥಾನದ ಕಟ್ಟೆಯಲ್ಲಿ ಜೋಗಳೇಕರ್ ಸರ್ ಕಾಗದ ಬಿಡಿಸಿ ಅಂಕಿಗಳನ್ನು ವಿವರಿಸಿದರು. ಯಾರಿಗೂ ಪೂರ್ತಿ ನಂಬಿಕೆ ಬರಲಿಲ್ಲ. ಯಂತ್ರ ನಿಮ್ಮದು, ಅಂಕಿಯೂ ನಿಮ್ಮದು ಎಂದು ಒಬ್ಬರು ಹೇಳಿಯೂ ಬಿಟ್ಟರು. ಆಗ ಜನಾಬಾಯಿ ಎದ್ದು, ‘ಕಚ್ಚಿಸಿಕೊಂಡವಳು ನಾನು. ನಾನು ನೋಡಿದೆ. ಅದು ಸತ್ತು ದಿನಗಳಾಗಿವೆ. ಸತ್ತದ್ದು ಕಚ್ಚುವುದಿಲ್ಲ’ ಎಂದಳು. ಬಲೆಯ ವಿಷಯ ಎತ್ತಲಿಲ್ಲ. ವಿಷದ ಮಾತು ಅಲ್ಲಿಗೆ ನಿಂತಿತು. ಅವಳನ್ನು ಕಚ್ಚಿದ್ದು ಬಹುಶಃ ಬೀದಿನಾಯಿ ಇರಬೇಕು. ಅದು ಎಂದೂ ಖಚಿತವಾಗಲಿಲ್ಲ. ಒಂದು ಇಂಜೆಕ್ಷನ್ನನ್ನೂ ತಪ್ಪಿಸದೆ ತೆಗೆದುಕೊಂಡು ಅವಳು ಗುಣವಾದಳು.

ಈ ಕತೆ ಇಲ್ಲಿಗೆ ಮುಗಿಯಬೇಕು. ಆದರೆ ಅಧ್ಯಯನದ ಅವಧಿ ಇನ್ನೂ ಒಂದು ವರ್ಷ ಉಳಿದಿತ್ತು. ಜೋಗಳೇಕರ್ ಸರ್ ಆ ಭಾಗದಲ್ಲಿ ಮತ್ತೆ ಯಾವ ನರಿಗೂ ಪಟ್ಟಿ ಕಟ್ಟಲು ಒಪ್ಪಲಿಲ್ಲ. ರಿಸೀವರನ್ನು ಮಾತ್ರ ಕೀಳಲು ಹೇಳಲಿಲ್ಲ. ಹಾಗಾಗಿ ಕೇಳಲು ಏನೂ ಇಲ್ಲದ ಯಂತ್ರಕ್ಕಾಗಿ ನಾವಿಬ್ಬರೂ ತಿಂಗಳು ತಿಂಗಳು ಚೀಲ ಕಟ್ಟಿದೆವು. ಒಂದು ಸ್ಕ್ರೂ ಕೂಡ ಮರೆಯದೆ ಹೋಗಿ, ಬ್ಯಾಟರಿ ಅಳೆದು, ಸೊನ್ನೆಗಳನ್ನು ಇಳಿಸಿಕೊಂಡು ಬಂದೆವು. ಪುಟಗಟ್ಟಲೆ ಸೊನ್ನೆ. ಮೊದಲ ಕೆಲವು ಸಲ ಅದನ್ನು ನೋಡುವುದು ಕಷ್ಟವಾಗುತ್ತಿತ್ತು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಜನಾಬಾಯಿ ಏಡಿಯ ಬುಟ್ಟಿ ಹೊತ್ತು ಬದುವಿನ ಮೇಲೆ ಎದುರಾದಳು. ನಿಂತು, ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿ, ಎರಡು ಬೆರಳು ಎತ್ತಿ ತೋರಿಸಿದಳು.

‘ದಿಬ್ಬದ ಆಚೆ. ನಿನ್ನೆಯೂ ನೋಡಿದೆ. ಒಂದಕ್ಕೆ ಬಾಲದ ತುದಿ ಬಿಳಿ. ಊರಲ್ಲಿ ಹೇಳಬೇಡ.’

ತಿಂಗಳ ವರದಿಯ ಫಾರಂನಲ್ಲಿ, ಯಾವ ಪ್ರಾಣಿ, ಎಲ್ಲಿ, ಎಷ್ಟು ಎಂದು ಬರೆಯಲು ಅಂಕಣಗಳಿರುತ್ತವೆ. ಕೊನೆಗೆ, ಯಾವ ಉಪಕರಣದಿಂದ ತಿಳಿದದ್ದು ಎಂದೊಂದು ಅಂಕಣ. ನರಿ, ದಿಬ್ಬದ ಆಚೆ, ಎರಡು ಎಂದು ಬರೆದು, ಸ್ವಲ್ಪ ಯೋಚಿಸಿ, ಉಪಕರಣದ ಜಾಗದಲ್ಲಿ ‘ಜನಾಬಾಯಿಯ ಕಣ್ಣು’ ಎಂದು ತುಂಬಿಸಿದೆ. ಜೋಗಳೇಕರ್ ಸರ್ ಕರೆದು ಬೈದಾರೆಂದು ಎರಡು ದಿನ ಕಾದೆ. ಕರೆಯಲಿಲ್ಲ. ಫಾರಂ ಫೈಲಿಗೆ ಮರಳಿ ಬಂದಾಗ ನೋಡಿದೆ. ಆ ಸಾಲಿನಲ್ಲಿ, ಬ್ಯಾಟರಿ ಬದಲಿಸಿದ ದಿನಾಂಕ ಬರೆಯಬೇಕಾದ ಚೌಕದೊಳಗೆ, ಅವರು ಪೆನ್ಸಿಲಿನಿಂದ ಸಣ್ಣಗೆ ಬರೆದಿದ್ದರು: ಅನ್ವಯಿಸುವುದಿಲ್ಲ.